ಸೊಳ್ಳೆ ಪರದೆಯನ್ನು ಆಫ್ರಿಕಾದ ಫ್ಯಾಕ್ಟರಿಯಿಂದಲೇ ಕೊಳ್ಳುವುದು ಹೇಗೆ: ಅರೂಷಾ ದಾರಿ ಹಿಡಿದವರಿಗೆ ಸಮಗ್ರ ಮಾರ್ಗದರ್ಶಿ

ತಾಂಜಾನಿಯಾದ ದಾರ್ ಎಸ್ ಸಲಾಮ್‌ಗೆ ಬಂದ ಮೊದಲ ವರ್ಷದ ಮಾತು. ಒಂದು ಗೋದಾಮಿನಲ್ಲಿ ಸೊಳ್ಳೆ ಪರದೆಯ ಬೇಲ್‌ಗಳನ್ನು ಇಳಿಸುತ್ತಿದ್ದರು. ಲೇಬಲ್ ಓದಿದೆ. ಕರೂರ್, ತಮಿಳುನಾಡು. ನಮ್ಮ ಬೆಂಗಳೂರಿನಿಂದ ಬೆಳಗ್ಗೆ ಬಸ್ ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಮುಟ್ಟುವ ಊರು! ನಮ್ಮ ಕಡೆಯವರೇ ಸಿಕ್ಕಷ್ಟು ಖುಷಿ ಆಯಿತು. ಆಮೇಲೆ ತಲೆಗೆ ಹುಳ ಬಿತ್ತು. ಇಲ್ಲಿಂದ ರಸ್ತೆಯಲ್ಲಿ ಆರುನೂರು ಚಿಲ್ಲರೆ ಕಿಲೋಮೀಟರ್ ಹೋದರೆ ಅರೂಷಾ, ಅಲ್ಲಿ ನೂಲು ತೆಗೆಯುವುದರಿಂದ ಹಿಡಿದು ಹೊಲಿಗೆ ತನಕ ಎಲ್ಲವನ್ನೂ ಮಾಡುವ ಫ್ಯಾಕ್ಟರಿ ಇದೆ. ಹಾಗಿದ್ದಾಗ ಈ ಪರದೆ ಸಮುದ್ರ ದಾಟಿ ಯಾಕೆ ಬಂತು?

ಕರೂರಿನ ಪರದೆ ಕೆಟ್ಟದ್ದು ಅಂತ ಹೇಳುತ್ತಿಲ್ಲ, ಚೆನ್ನಾಗಿಯೇ ಇರುತ್ತದೆ. ಆದರೆ ಊರ ಸಂಘದವರು, ರೋಟರಿಯವರು, ಕಂಪನಿಯ ಸಿಎಸ್‌ಆರ್ ನೋಡಿಕೊಳ್ಳುವವರು ಆಗಾಗ ಫೋನ್ ಮಾಡಿ "ಸರ್, ಇಷ್ಟು ಸಾವಿರ ಪರದೆ ಕೊಡಿಸಬೇಕು, ಅಲ್ಲಿಯದ್ದೇ ಫ್ಯಾಕ್ಟರಿಯಿಂದ ತಗೊಂಡ್ರೆ ಒಳ್ಳೇದಲ್ವಾ, ಯಾರನ್ನ ಕೇಳ್ಬೇಕು?" ಅನ್ನುತ್ತಾರೆ. ಪ್ರತಿ ಸಲ ಅದನ್ನೇ ಹೇಳಿ ಸಾಕಾಗಿ ಒಂದು ಕಡೆ ಬರೆದಿಟ್ಟಿದ್ದೇನೆ. ತಾಂಜಾನಿಯಾವನ್ನೇ ಇಟ್ಟುಕೊಂಡು ಹೇಳುತ್ತೇನೆ, ನನಗೆ ಗೊತ್ತಿರುವುದು ಅದು.

ಇದು ಎಷ್ಟು ದೊಡ್ಡ ವಿಷಯ ಅನ್ನುವುದಕ್ಕೆ ಎರಡು ಲೆಕ್ಕ ಸಾಕು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2023ರಲ್ಲಿ ಜಗತ್ತಿನಲ್ಲಿ ಸುಮಾರು 26.3 ಕೋಟಿ ಮಲೇರಿಯಾ ಕೇಸುಗಳು, 5,97,000 ಸಾವು. ಸತ್ತವರಲ್ಲಿ ನೂರಕ್ಕೆ 95 ಜನ ಆಫ್ರಿಕಾದವರು, ಅದರಲ್ಲೂ ಐದು ವರ್ಷದೊಳಗಿನ ಮಕ್ಕಳೇ ಜಾಸ್ತಿ. ಇನ್ನೊಂದು, 2000ದಿಂದ 2015ರವರೆಗೆ ಆಫ್ರಿಕಾದಲ್ಲಿ ತಪ್ಪಿಹೋದ ಸುಮಾರು 66 ಕೋಟಿ ಕೇಸುಗಳಲ್ಲಿ ಮೂರನೇ ಎರಡು ಭಾಗ ಔಷಧಿ ಹಚ್ಚಿದ ಪರದೆಯಿಂದಲೇ ತಪ್ಪಿದ್ದು ಅಂತ ಸಂಶೋಧಕರು ಲೆಕ್ಕ ಹಾಕಿದ್ದಾರೆ.

ಮೊದಲು ಸೊಳ್ಳೆಯನ್ನು ಕೇಳಿ

ಎಲ್ಲರೂ ಮೊದಲು ರೇಟ್ ಕೇಳುತ್ತಾರೆ. ಬೇಡ. ಮೊದಲು ಪರದೆ ಹೋಗುವ ಜಿಲ್ಲೆಯ ಸೊಳ್ಳೆ ಯಾವ ಔಷಧಿಗೆ ಸಾಯುತ್ತದೆ ಅಂತ ಕೇಳಿ.

ಪರದೆಯಲ್ಲಿ ಈಗ ಮುಖ್ಯವಾಗಿ ಮೂರು ಬಗೆ. ಒಂದು ಹಳೆಯದು, ಪೈರೆಥ್ರಾಯ್ಡ್ ಅನ್ನುವ ಗುಂಪಿನ ಕೀಟನಾಶಕ ಮಾತ್ರ ಇರುವುದು: ಪರ್ಮೆಥ್ರಿನ್, ಡೆಲ್ಟಾಮೆಥ್ರಿನ್, ಆಲ್ಫಾ ಸೈಪರ್‌ಮೆಥ್ರಿನ್ ಇವುಗಳಲ್ಲಿ ಯಾವುದಾದರೂ ಒಂದು. ಆಫ್ರಿಕಾದ ಬಹಳಷ್ಟು ಕಡೆ ಸೊಳ್ಳೆಗಳು ಇದಕ್ಕೆ ಒಗ್ಗಿಹೋಗಿವೆ. ಅವುಗಳ ಮೈಯಲ್ಲಿ ವಿಷವನ್ನು ಒಡೆದು ಹಾಕುವ ಕಿಣ್ವ ಜಾಸ್ತಿಯಾಗಿದೆ. ಎರಡನೆಯದು ಪಿಬಿಒ (ಪೈಪೆರೊನಿಲ್ ಬ್ಯುಟಾಕ್ಸೈಡ್) ಸೇರಿಸಿದ್ದು. ಪಿಬಿಒ ತಾನಾಗಿ ಸೊಳ್ಳೆಯನ್ನು ಕೊಲ್ಲುವುದಿಲ್ಲ, ಆ ಕಿಣ್ವದ ಕೈ ಕಟ್ಟಿಹಾಕುತ್ತದೆ, ಆಗ ಹಳೆಯ ವಿಷ ಮತ್ತೆ ಕೆಲಸ ಮಾಡುತ್ತದೆ. ಮೂರನೆಯದು ಪೈರೆಥ್ರಾಯ್ಡ್ ಜೊತೆ ಕ್ಲೋರ್‌ಫೆನಪೈರ್ ಇರುವುದು. ಇದರ ತಮಾಷೆ ಏನೆಂದರೆ, ಕ್ಲೋರ್‌ಫೆನಪೈರ್ ವಿಷವಾಗುವುದೇ ಸೊಳ್ಳೆಯ ಮೈಯೊಳಗೆ ಹೋದ ಮೇಲೆ, ಅದನ್ನು ವಿಷ ಮಾಡುವುದೂ ಅದೇ ಜಾತಿಯ ಕಿಣ್ವಗಳು. ಹಳೆಯ ಔಷಧಿಯಿಂದ ಸೊಳ್ಳೆಯನ್ನು ಉಳಿಸಿದ್ದೇ ಇಲ್ಲಿ ಅದಕ್ಕೆ ಮುಳುವಾಗುತ್ತದೆ.

ವಿಕ್ಟೋರಿಯಾ ಸರೋವರದ ಕಡೆಯ ಮಿಸುಂಗ್ವಿ ಜಿಲ್ಲೆಯಲ್ಲಿ ನಡೆದ ದೊಡ್ಡ ಪ್ರಯೋಗದ ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ಕ್ಲೋರ್‌ಫೆನಪೈರ್ ಪರದೆ ಕೊಟ್ಟ ಹಳ್ಳಿಗಳ ಮಕ್ಕಳಲ್ಲಿ ಎರಡು ವರ್ಷದಲ್ಲಿ ಮಲೇರಿಯಾ 44% ಕಡಿಮೆ, ಹಳೆಯ ಬಗೆಯ ಪರದೆ ಕೊಟ್ಟ ಹಳ್ಳಿಗಳಿಗೆ ಹೋಲಿಸಿದರೆ. 2023ರ ಮಾರ್ಚ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಔಷಧಿಗೆ ಸೊಳ್ಳೆ ಒಗ್ಗಿರುವ ಕಡೆ ಈ ಬಗೆಯನ್ನೇ ಕೊಡಿ ಅಂತ ಗಟ್ಟಿಯಾಗಿ ಹೇಳಿತು.

ಇಲ್ಲೇ ಒಂದು ತೊಡಕು. ಆಫ್ರಿಕಾದ ಫ್ಯಾಕ್ಟರಿಯಲ್ಲಿ ಮೊದಲಿನಿಂದ ಪಳಗಿರುವುದು ಪಾಲಿಎಥಿಲೀನ್ ನೂಲಿನ, ಪೈರೆಥ್ರಾಯ್ಡ್ ಪರದೆ. ಕ್ಲೋರ್‌ಫೆನಪೈರ್ ಪರದೆ ಇಲ್ಲಿಯವರೆಗೆ ಬಹುಪಾಲು ಏಷ್ಯಾದಿಂದಲೇ ಬಂದಿದೆ. ಅಂದರೆ ನಿಮ್ಮ "ಸ್ಥಳೀಯದ್ದೇ ಕೊಳ್ಳಬೇಕು" ಅನ್ನುವ ಆಸೆಗೂ ಆ ಜಿಲ್ಲೆಯ ಸೊಳ್ಳೆಗೂ ಜಗಳ ಬೀಳಬಹುದು. ಬಿದ್ದರೆ ಸೊಳ್ಳೆಯ ಮಾತೇ ನಡೆಯಲಿ. ಮಗುವಿನ ಮೇಲೆ ಕಟ್ಟುವ ಪರದೆಯಲ್ಲಿ ಸ್ವದೇಶಿ ಅಭಿಮಾನ ಆಮೇಲೆ. ಸ್ಥಳೀಯ ಫ್ಯಾಕ್ಟರಿಯ ಹತ್ತಿರ ಆ ಜಿಲ್ಲೆಗೆ ಬೇಕಾದ ಬಗೆ ಇದ್ದರೆ ಮಾತ್ರ ಮುಂದಿನ ಹೆಜ್ಜೆ.

ಈ ಮಾಹಿತಿ ಎಲ್ಲಿ ಸಿಗುತ್ತದೆ? ಆರೋಗ್ಯ ಸಚಿವಾಲಯದ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮದ ಕಚೇರಿಯಲ್ಲಿ. ಜಾಂಜಿಬಾರ್‌ಗೆ ಬೇರೆಯದೇ ಕಾರ್ಯಕ್ರಮ ಇದೆ, ಅವರನ್ನು ಬೇರೆ ಕೇಳಬೇಕು. ಸುಮ್ನೆ ಒಂದು ಇಮೇಲ್ ಹಾಕಿ ಕೂರಬೇಡಿ, ಹೋಗಿ ಕುಳಿತು ಮಾತಾಡಿ. ಆ ಜಿಲ್ಲೆಯಲ್ಲಿ ಸರ್ಕಾರದ್ದೇ ವಿತರಣೆ ಮುಂದಿನ ತಿಂಗಳು ಇರಬಹುದು. ಹಾಗಿದ್ದರೆ ನಿಮ್ಮ ಪರದೆ ಬೇರೆ ಕಡೆ ಹೋಗುವುದೇ ಒಳ್ಳೆಯದು.

ಎಷ್ಟು ಬೇಕು

ಲೆಕ್ಕ ಸುಲಭ. ಜನಸಂಖ್ಯೆಯನ್ನು 1.8ರಿಂದ ಭಾಗಿಸಿ. ಇಬ್ಬರಿಗೆ ಒಂದು ಪರದೆ ಅಂದಮೇಲೆ 2ರಿಂದ ತಾನೇ ಭಾಗಿಸಬೇಕು? ಇಲ್ಲ. ಐದು ಜನರ ಮನೆಗೆ ಎರಡೂವರೆ ಪರದೆ ಕೊಡಲಾಗುವುದಿಲ್ಲವಲ್ಲ, ಮೂರು ಕೊಡಬೇಕು, ಅದಕ್ಕೆ 1.8. ಜನಗಣತಿ ಐದು ವರ್ಷಕ್ಕಿಂತ ಹಳೆಯದಾಗಿದ್ದರೆ ಮೇಲೆ 10% ಸೇರಿಸಿಕೊಳ್ಳಬಹುದು.

20,000 ಜನರ ವಾರ್ಡ್ ಅಂದುಕೊಳ್ಳಿ. 11,112 ಪರದೆ. ಬೇಲ್‌ಗೆ 50 ಇದ್ದರೆ 223 ಬೇಲ್. ಆರ್ಡರ್ ಬೇಲ್ ಲೆಕ್ಕದಲ್ಲೇ ಕೊಡಿ, ಬಿಡಿ ಪರದೆ ಬಂದರೆ ಗೋದಾಮಿನಲ್ಲಿ ಎಣಿಸುವವರ ಪಾಡು ಬೇಡ.

ಅಳತೆ ಮತ್ತು ಆಕಾರ ಆ ಊರಿನವರನ್ನೇ ಕೇಳಿ. 180 ಸೆಂ.ಮೀ. ಉದ್ದ, 160 ಅಗಲ, 150 ಎತ್ತರದ ಚೌಕದ್ದು ತುಂಬಾ ಓಡುವ ಅಳತೆ, 190×180 ಕೂಡ ಇದೆ. ಚೌಕದ್ದಕ್ಕೆ ನಾಲ್ಕು ಕಡೆ ಮೊಳೆ ಬೇಕು, ಗುಂಡಗಿನ ಗುಡಿಸಲಲ್ಲಿ ಮೊಳೆ ಎಲ್ಲಿ ಹೊಡೆಯುತ್ತೀರಿ? ಅಲ್ಲಿ ಒಂದೇ ಕೊಕ್ಕೆಯ ಶಂಕುವಿನಾಕಾರದ್ದು ಸಲೀಸು. ಬಣ್ಣದ ವಿಷಯದಲ್ಲಿ ನನ್ನ ಮಾತು ಕೇಳುವುದಾದರೆ, ಬಿಳಿ ಬೇಡ, ನೀಲಿ ತೆಗೆದುಕೊಳ್ಳಿ. ಒಲೆ ಹೊಗೆಗೆ ಬಿಳಿ ಬೇಗ ಮಾಸುತ್ತದೆ, ಮಾಸಿದರೆ ಜಾಸ್ತಿ ಒಗೆಯುತ್ತಾರೆ, ಒಗೆದಷ್ಟೂ ಔಷಧಿ ಹೋಗುತ್ತದೆ.

"ಸ್ಥಳೀಯ" ಅಂದರೆ ಯಾವುದು

ಈ ಪದ ಹೇಳಿ ಬೇಕಾದಷ್ಟು ಜನ ಟೋಪಿ ಹಾಕುತ್ತಾರೆ. ಪ್ಲಾಸ್ಟಿಕ್ ಕಾಳಿನಿಂದ ನೂಲು ತೆಗೆದು, ಹೆಣೆದು, ಕತ್ತರಿಸಿ, ಹೊಲಿದು ಕೊಡುವುದು ಒಂದು ಬಗೆ. ಹೊರಗಿನಿಂದ ಹೆಣೆದ ಬಟ್ಟೆಯ ರೋಲ್ ತರಿಸಿ ಇಲ್ಲಿ ಕತ್ತರಿಸಿ ಹೊಲಿಯುವುದು ಇನ್ನೊಂದು. ಇದೂ ತಪ್ಪಲ್ಲ, ಹೊಲಿಗೆಯಲ್ಲೇ ತುಂಬಾ ಜನಕ್ಕೆ ಕೆಲಸ ಸಿಗುವುದು. ಮೂರನೆಯದು ಚೀಲ ಬದಲಾಯಿಸಿ ಲೇಬಲ್ ಅಂಟಿಸುವ ಏಜೆಂಟ್. ಅವನಿಗೆ ಕೈ ಮುಗಿದು ಬನ್ನಿ.

ಮೊದಲ ಬಗೆಗೆ ಒಳ್ಳೆಯ ಉದಾಹರಣೆ ಅರೂಷಾದ ಎ ಟು ಝಡ್ ಟೆಕ್ಸ್‌ಟೈಲ್ ಮಿಲ್ಸ್. ಜಪಾನಿನ ಸುಮಿಟೊಮೊ ಕೆಮಿಕಲ್ ತನ್ನ ಒಲಿಸೆಟ್ ಪರದೆಯ ತಂತ್ರಜ್ಞಾನವನ್ನು ರಾಯಲ್ಟಿ ಇಲ್ಲದೆ ಇವರಿಗೆ ಕೊಟ್ಟು, 2003ರಲ್ಲಿ ಅಲ್ಲಿ ತಯಾರಿ ಶುರುವಾಯಿತು. ಆಮೇಲೆ ಇಬ್ಬರೂ ಸೇರಿ ಜಂಟಿ ಕಂಪನಿಯನ್ನೂ ಕಟ್ಟಿದರು. ಇವರದ್ದೇ ಮಿರಾನೆಟ್ ಅನ್ನುವ ಆಲ್ಫಾ ಸೈಪರ್‌ಮೆಥ್ರಿನ್ ಪರದೆಯೂ ಇದೆ. ಇಂಥ ಪರದೆಯಲ್ಲಿ ಔಷಧಿಯನ್ನು ಮೇಲೆ ಹಚ್ಚುವುದಿಲ್ಲ. ಪಾಲಿಎಥಿಲೀನ್ ಕಾಳಿನ ಜೊತೆ ಔಷಧಿಯ ಗಟ್ಟಿ ಮಿಶ್ರಣ ಸೇರಿಸಿ ಕರಗಿಸಿ, ಸಣ್ಣ ತೂತಿನಿಂದ ನೂಲಾಗಿ ಎಳೆಯುತ್ತಾರೆ. ಶ್ಯಾವಿಗೆ ಒರಳಿನಲ್ಲಿ ಒತ್ತಿದ ಹಾಗೆ. ಹಿಟ್ಟಿನೊಳಗಿನ ಉಪ್ಪಿನ ಹಾಗೆ ಔಷಧಿ ನೂಲಿನೊಳಗೇ ಇರುವುದರಿಂದ, ಮೇಲಿನದ್ದು ಒಗೆದು ಹೋದರೂ ಒಳಗಿನಿಂದ ನಿಧಾನಕ್ಕೆ ಮೇಲಕ್ಕೆ ಬರುತ್ತಿರುತ್ತದೆ. ಪಾಲಿಯೆಸ್ಟರ್ ಪರದೆಯಲ್ಲಿ ಬಟ್ಟೆ ಹೆಣೆದ ಮೇಲೆ ಔಷಧಿಯ ಲೇಪ ಕೊಡುತ್ತಾರೆ.

ಹಾಗಾಗಿ ಫ್ಯಾಕ್ಟರಿಯವರಿಗೆ ಮೂರು ಪ್ರಶ್ನೆ ಹಾಕಿ. ನೂಲು ಎಲ್ಲಿ ತೆಗೆಯುತ್ತೀರಿ? ಔಷಧಿ ಎಲ್ಲಿ ಸೇರುತ್ತದೆ? ಕಾಳು ಮತ್ತು ಔಷಧಿ ಮಿಶ್ರಣ ಈಗ ಎಷ್ಟು ಸ್ಟಾಕ್ ಇದೆ? ಮೂರನೆಯದು ತುಂಬಾ ಮುಖ್ಯ. ಪೂರ್ತಿ ಸ್ಥಳೀಯ ಅನ್ನುವ ಫ್ಯಾಕ್ಟರಿಗೂ ಕಚ್ಚಾ ಮಾಲು ಹಡಗಿನಲ್ಲೇ ಬರಬೇಕು. ಸ್ಟಾಕ್ ಇಲ್ಲದಿದ್ದರೆ ನಿಮ್ಮ "ಹತ್ತಿರದ ಫ್ಯಾಕ್ಟರಿ" ಲಾಭ ಅಲ್ಲಿಗೇ ಮುಗಿಯಿತು.

ದಾರ್ ಎಸ್ ಸಲಾಮ್‌ನ ಕರಿಯಾಕೂ ಮಾರುಕಟ್ಟೆಯಲ್ಲಿ ಸಿಗುವ ಔಷಧಿ ಇಲ್ಲದ ಪರದೆ ನಿಮ್ಮ ಮಂಚಕ್ಕೆ ಸರಿ, ಊರಿಗೆ ಹಂಚಲಿಕ್ಕೆ ಅಲ್ಲ. ಔಷಧಿ ಇರುವ ಪರದೆ ಒಳಗೆ ಮಲಗಿದವರನ್ನಷ್ಟೇ ಕಾಯುವುದಿಲ್ಲ, ಬಂದು ಕೂತ ಸೊಳ್ಳೆಯನ್ನು ಕೊಂದು ಅಕ್ಕಪಕ್ಕದ ಮನೆಯನ್ನೂ ಕಾಯುತ್ತದೆ.

ಕಾಗದಪತ್ರ

ವಿಶ್ವ ಆರೋಗ್ಯ ಸಂಸ್ಥೆಯ ಪೂರ್ವ ಅರ್ಹತೆ ಪಟ್ಟಿ ಅಂತ ಇದೆ, ಅವರ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ನೋಡಬಹುದು. ಅದರಲ್ಲಿ ಕಂಪನಿ ಹೆಸರು ಸಿಕ್ಕಿತು ಅಂತ ಮುಚ್ಚಿಡಬೇಡಿ. ಅರ್ಹತೆ ಸಿಗುವುದು ಕಂಪನಿಗಲ್ಲ, ಒಂದೊಂದು ಉತ್ಪನ್ನಕ್ಕೆ, ಅದೂ ಹೇಳಿದ ತಯಾರಿ ಜಾಗಕ್ಕೆ. ಒಂದೇ ಬ್ರ್ಯಾಂಡ್ ಎರಡು ದೇಶದಲ್ಲಿ ತಯಾರಾಗಬಹುದು. ನಿಮ್ಮ ಕೊಟೇಶನ್‌ನಲ್ಲಿರುವ ಉತ್ಪನ್ನದ ಹೆಸರು, ಔಷಧಿಯ ಪ್ರಮಾಣ, ಫ್ಯಾಕ್ಟರಿಯ ವಿಳಾಸ ಮೂರನ್ನೂ ತಾಳೆ ನೋಡಿ.

ಆಮೇಲೆ ಪರದೆ ಬಳಕೆಯಾಗುವ ದೇಶದ ನೋಂದಣಿ. ಔಷಧಿ ಇರುವ ಪರದೆ ಕಾನೂನಿನ ಕಣ್ಣಿಗೆ ಬಟ್ಟೆ ಅಲ್ಲ, ಕೀಟನಾಶಕ. ಕೆನ್ಯಾದಲ್ಲಿ ಕೀಟನಾಶಕ ನಿಯಂತ್ರಣ ಮಂಡಳಿ, ನೈಜೀರಿಯಾದಲ್ಲಿ ಆಹಾರ ಮತ್ತು ಔಷಧಿ ನಿಯಂತ್ರಣ ಸಂಸ್ಥೆ ನಾಫ್‌ಡಾಕ್, ತಾಂಜಾನಿಯಾದಲ್ಲಿ ಸಸ್ಯ ಆರೋಗ್ಯ ಮತ್ತು ಕೀಟನಾಶಕ ಪ್ರಾಧಿಕಾರ. ಅರೂಷಾದಲ್ಲಿ ತಯಾರಾದದ್ದು ತಾಂಜಾನಿಯಾದಲ್ಲಿ ನೋಂದಣಿ ಆಗಿದ್ದರೂ ಮಲಾವಿಗೆ ಹೋಗಬೇಕಾದರೆ ಅಲ್ಲಿ ಬೇರೆ ನೋಂದಣಿ ಬೇಕು.

ಕೊಟೇಶನ್ ಓದುವುದು

ಒಂದು ಪರದೆಗೆ ಇಷ್ಟು ಅಂತ ಬರೆದು ಕಳಿಸುತ್ತಾರೆ. ಅದು ಯಾವ ಬಾಗಿಲಿನ ಬೆಲೆ ಅಂತ ಕೇಳಿ. ಫ್ಯಾಕ್ಟರಿ ಬಾಗಿಲಿನದ್ದಾ, ಬಂದರಿನದ್ದಾ, ನಿಮ್ಮ ಗೋದಾಮಿನಲ್ಲಿ ಇಳಿಸಿ ಕೊಡುವುದಾ? ಲೆಕ್ಕಕ್ಕೆ ಸುಮ್ನೆ ಅಂದುಕೊಳ್ಳಿ: ಏಷ್ಯಾದ್ದು ಎರಡು ಡಾಲರ್, ಅರೂಷಾದ್ದು ಎರಡೂಕಾಲು. ಕಾಗದದ ಮೇಲೆ ಏಷ್ಯಾದ್ದೇ ಅಗ್ಗ. ಅದಕ್ಕೆ ಹಡಗಿನ ಬಾಡಿಗೆ, ವಿಮೆ, ಬಂದರಿನ ಖರ್ಚು, ಕ್ಲಿಯರಿಂಗ್ ಏಜೆಂಟ್, ಕಂಟೇನರ್ ತಡವಾದರೆ ಬೀಳುವ ದಂಡ, ಬಂದರಿನಿಂದ ಮೇಲಕ್ಕೆ ಲಾರಿ ಎಲ್ಲಾ ಸೇರಿಸಿ ನೋಡಿ. ಕೆಲವು ಸಲ ಅರೂಷಾ ಗೆಲ್ಲುತ್ತದೆ, ಕೆಲವು ಸಲ ಆಗಲೂ ಇಲ್ಲ. ಬಂದರಿನಿಂದ ದೂರದ ಒಳನಾಡಿಗೆ, ಅಂದರೆ ಮಾರಾ, ಸಿಮಿಯು, ರುವಾಂಡಾ ಕಡೆಗೆ, ಗೆಲ್ಲುವುದು ಜಾಸ್ತಿ.

ಸಣ್ಣ ಆರ್ಡರ್‌ನವರಿಗೆ ಒಂದು ಉಪಾಯ. ಗ್ಲೋಬಲ್ ಫಂಡ್, ಯುನಿಸೆಫ್‌ನಂಥ ದೊಡ್ಡ ಸಂಸ್ಥೆಗಳು ಲಕ್ಷಗಟ್ಟಲೆ ಕೊಳ್ಳುವ ಬೆಲೆ ನಿಮಗೆ ಸಿಗುವುದಿಲ್ಲ, ಆಸೆ ಬಿಡಿ. ಬದಲಿಗೆ "ಈಗ ಮಷೀನಿನ ಮೇಲೆ ಯಾವ ಅಳತೆ, ಯಾವ ಬಣ್ಣ ಓಡುತ್ತಿದೆ?" ಅಂತ ಕೇಳಿ. ದೊಡ್ಡ ಆರ್ಡರ್‌ನ ಬಾಲಕ್ಕೆ ನಿಮ್ಮದನ್ನು ಸೇರಿಸಿದರೆ ಅವರಿಗೂ ಮಷೀನ್ ಬದಲಾಯಿಸುವ ಖರ್ಚಿಲ್ಲ, ನಿಮಗೂ ಬೆಲೆ ಇಳಿಯುತ್ತದೆ. ನಾವೇ ನಮ್ಮದೊಂದು ಲೋಗೊ ಬೇಕು ಅಂತ ಹಟ ಹಿಡಿದು ಹಿಂದೊಮ್ಮೆ ಈ ಅವಕಾಶ ಕಳೆದುಕೊಂಡಿದ್ದೆವು.

ದುಡ್ಡಿನ ವಿಷಯ: 2025ರಿಂದ ತಾಂಜಾನಿಯಾದೊಳಗಿನ ವ್ಯಾಪಾರಕ್ಕೆ ಡಾಲರ್‌ನಲ್ಲಿ ಬೆಲೆ ಹೇಳುವಂತಿಲ್ಲ, ಶಿಲ್ಲಿಂಗ್‌ನಲ್ಲೇ ಹೇಳಬೇಕು. ಕಚ್ಚಾ ಮಾಲು ಮಾತ್ರ ಡಾಲರ್‌ನಲ್ಲೇ ಬರುವುದು. ಆದ್ದರಿಂದ ಕೊಟೇಶನ್ ಎಷ್ಟು ದಿನ ನಿಲ್ಲುತ್ತದೆ ಅಂತ ಬರೆಸಿಕೊಳ್ಳಿ.

ಫ್ಯಾಕ್ಟರಿಗೆ ಹೋಗಿ ನೋಡಿ

ಹತ್ತಿರದಲ್ಲಿ ಕೊಳ್ಳುವುದರ ನಿಜವಾದ ಲಾಭ ಇದೇ ಅಂತ ನನ್ನ ಅಭಿಪ್ರಾಯ. ಬಸ್ ಹತ್ತಿ ಹೋಗಿ, ಮಾಲು ಹೊರಡುವ ಮೊದಲೇ ಕೈಯಲ್ಲಿ ಹಿಡಿದು ನೋಡಬಹುದು.

ಎಷ್ಟು ತೆಗೆದು ನೋಡಬೇಕು ಅನ್ನುವುದಕ್ಕೆ ಐಎಸ್ಒ 2859-1 ಅನ್ನುವ ಪಟ್ಟಿ ಇದೆ. 10,001ರಿಂದ 35,000 ತನಕದ ಲಾಟ್‌ಗೆ ಸಾಮಾನ್ಯ ಮಟ್ಟದ ಪರೀಕ್ಷೆಯಲ್ಲಿ 315 ಪರದೆ. ದೊಡ್ಡ ದೋಷದ ಮಿತಿ (ಆ ಪಟ್ಟಿಯಲ್ಲಿ ಎಕ್ಯೂಎಲ್ ಅನ್ನುತ್ತಾರೆ) 2.5 ಅಂತ ಒಪ್ಪಂದವಾಗಿದ್ದರೆ 14 ಕೆಟ್ಟದ್ದು ಸಿಕ್ಕರೂ ಲಾಟ್ ಪಾಸ್, 15 ಸಿಕ್ಕರೆ ವಾಪಸ್. ಈ ಮಿತಿಯನ್ನು ಆರ್ಡರ್‌ನಲ್ಲೇ ಬರೆದಿರಬೇಕು, ಆಮೇಲೆ ಬಾಯಿ ಮಾತಿಗೆ ಬೆಲೆ ಇಲ್ಲ. ಬೇಲ್‌ಗಳನ್ನು ನೀವೇ ಆರಿಸಿ. ಬಾಗಿಲ ಹತ್ತಿರ ಚಂದಕ್ಕೆ ಜೋಡಿಸಿಟ್ಟಿರುವುದನ್ನು ಬಿಟ್ಟು ಹಿಂದಿನ ಸಾಲಿನ ಕೆಳಗಿನದ್ದನ್ನು ತೆಗೆಸಿ. ಮುಖ ಸಿಂಡರಿಸುತ್ತಾರೆ, ಪರವಾಗಿಲ್ಲ.

ನಾನು ಹೋಗುವಾಗ ಬ್ಯಾಗಿನಲ್ಲಿ ಒಂದು ಟೇಪು, ಒಂದು ಟಾರ್ಚ್, ಒಂದು ರಟ್ಟಿನ ತುಂಡು. ರಟ್ಟಿನಲ್ಲಿ ಸರಿಯಾಗಿ ಒಂದು ಇಂಚು ಚೌಕದ ಕಿಂಡಿ ಕೊರೆದುಕೊಂಡಿದ್ದೇನೆ. ಪರದೆಯ ಮೇಲೆ ಅದನ್ನಿಟ್ಟು ಅಡ್ಡಕ್ಕೂ ಉದ್ದಕ್ಕೂ ಕಣ್ಣು ಎಣಿಸಿದರೆ ಆರ್ಡರ್‌ನಲ್ಲಿ ಬರೆದಷ್ಟು ಇದೆಯೋ ಇಲ್ಲವೋ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಒಂದು ಪರದೆಯನ್ನು ಹಗ್ಗಕ್ಕೆ ತೂಗು ಹಾಕಿ ಒಳಗೆ ಹೋಗಿ ನಿಲ್ಲಿ, ಹೊರಗಿನಿಂದ ಯಾರಾದರೂ ಟಾರ್ಚ್ ಬಿಡಲಿ. ಬಿಟ್ಟುಹೋದ ಹೊಲಿಗೆ, ಹರಿದ ಕಣ್ಣು ಎದ್ದು ಕಾಣುತ್ತದೆ. ಮೂಲೆಯ ಕುಣಿಕೆಯನ್ನು ಜಗ್ಗಿ ನೋಡಿ, ಪರದೆ ಮೊದಲು ಹರಿಯುವುದು ಅಲ್ಲೇ. ಕೊನೆಯದಾಗಿ ಲೇಬಲ್: ಬ್ಯಾಚ್ ನಂಬರ್, ತಯಾರಾದ ತಿಂಗಳು, ಒಗೆಯುವ ಸೂಚನೆ. ಸೂಚನೆ ಸ್ವಾಹಿಲಿಯಲ್ಲಿದೆಯಾ ನೋಡಿ. ಇಂಗ್ಲಿಷಿನಲ್ಲಿ ಮಾತ್ರ ಇದ್ದರೆ ಯಾರಿಗೆ ಬರೆದದ್ದು ಅದು?

ಔಷಧಿ ಎಷ್ಟಿದೆ ಅಂತ ಕಣ್ಣಿಗೆ ಕಾಣುವುದಿಲ್ಲ, ಲ್ಯಾಬ್‌ಗೆ ಕಳಿಸಲೇಬೇಕು. ಆಯ್ದ ಪರದೆಗಳಿಂದ ತುಂಡು ಕತ್ತರಿಸಿ, ಅಲ್ಯೂಮಿನಿಯಂ ಹಾಳೆಯಲ್ಲಿ ಬೇರೆ ಬೇರೆ ಸುತ್ತಿ, ಬ್ಯಾಚ್ ನಂಬರ್ ಬರೆದು ಕಳಿಸಿ. ಸೊಳ್ಳೆ ಬಿಟ್ಟು ನೋಡುವ ಪರೀಕ್ಷೆಗೆ ಇಲ್ಲೇ ಜಾಗ ಇದೆ: ಬಾಗಮೊಯೊದಲ್ಲಿ ಇಫಾಕಾರಾ ಆರೋಗ್ಯ ಸಂಸ್ಥೆಯ ಕೇಂದ್ರ, ಮೋಶಿಯಲ್ಲಿ ವೈದ್ಯಕೀಯ ಕಾಲೇಜಿನ ಸೊಳ್ಳೆ ಸಂಶೋಧನಾ ಕೇಂದ್ರ. ಪೈರೆಥ್ರಾಯ್ಡ್ ಪರದೆಗೆ ಸೊಳ್ಳೆಯನ್ನು ಮೂರು ನಿಮಿಷ ತಾಗಿಸಿ, ಒಂದು ಗಂಟೆಯಲ್ಲಿ ಎಷ್ಟು ಬಿದ್ದವು, 24 ಗಂಟೆಯಲ್ಲಿ ಎಷ್ಟು ಸತ್ತವು ಅಂತ ಎಣಿಸುತ್ತಾರೆ. ಕ್ಲೋರ್‌ಫೆನಪೈರ್‌ಗೆ ಇದು ಸಾಲದು, ಅದು ನಿಧಾನ ವಿಷ, 72 ಗಂಟೆ ಕಾಯಬೇಕು. ಅವಸರದಲ್ಲಿ 24 ಗಂಟೆಯ ರಿಪೋರ್ಟ್ ನೋಡಿ ಒಳ್ಳೆಯ ಪರದೆಯನ್ನು ಫೇಲ್ ಮಾಡಬೇಡಿ.

ಗಡಿ ದಾಟಿಸುವುದು

ಒಂದು ಲಾರಿ ಪರದೆ ಕೆನ್ಯಾಕ್ಕೆ ಹೋಗುವ ನಮಂಗಾ ಗಡಿಯಲ್ಲಿ ಒಂಬತ್ತು ದಿನ ನಿಂತಿತ್ತು. ಇನ್‌ವಾಯ್ಸ್ ಮಾಡಿದವರು ಪರದೆಯನ್ನು ಮಾಮೂಲಿ ಮನೆಬಳಕೆ ಬಟ್ಟೆಯ ಕಸ್ಟಮ್ಸ್ ಸಂಕೇತ ಸಂಖ್ಯೆಯಲ್ಲಿ ಹಾಕಿದ್ದರು. ನಾನೂ ನೋಡದೆ ಸಹಿ ಮಾಡಿದ್ದೆ. ಔಷಧಿ ಇರುವ ಪರದೆಗೆ 2017ರಿಂದ ಬೇರೆಯೇ ಸಂಖ್ಯೆ ಇದೆ: 6304.20. ಆ ನಾಲ್ಕಾರು ಅಂಕಿಯ ತಪ್ಪಿಗೆ ಡ್ರೈವರ್ ಲಾರಿ ಕೆಳಗೇ ಚಾಪೆ ಹಾಸಿಕೊಂಡು ಒಂಬತ್ತು ರಾತ್ರಿ ಕಳೆದ. ಲಾರಿ ತುಂಬ ಸೊಳ್ಳೆ ಪರದೆ, ಅವನಿಗೆ ರಾತ್ರಿಯೆಲ್ಲಾ ಸೊಳ್ಳೆ. ಸೀಲ್ ಹಾಕಿದ ಬೇಲ್ ಬಿಚ್ಚುವಂತಿಲ್ಲವಲ್ಲ.

ಜೊತೆಗೆ ಮೂಲ ದೇಶದ ಪ್ರಮಾಣಪತ್ರ ಇರಲಿ. ತಾಂಜಾನಿಯಾ ಪೂರ್ವ ಆಫ್ರಿಕಾ ಸಮುದಾಯದಲ್ಲೂ ಇದೆ, ಆಫ್ರಿಕಾದ ದಕ್ಷಿಣ ಭಾಗದ ದೇಶಗಳ ಒಕ್ಕೂಟ ಸಾಡ್ಕ್‌ನಲ್ಲೂ ಇದೆ. ಕೆನ್ಯಾ, ಉಗಾಂಡಾ ಕಡೆಗೆ ಮೊದಲನೆಯದರ ಪತ್ರ, ಮಲಾವಿ, ಜಾಂಬಿಯಾ, ಮೊಜಾಂಬಿಕ್‌ಗೆ ಎರಡನೆಯದರದ್ದು. ಕೊಮೆಸಾ ಅನ್ನುವ ಇನ್ನೊಂದು ವ್ಯಾಪಾರ ಒಕ್ಕೂಟದಿಂದ ತಾಂಜಾನಿಯಾ 2000ದಲ್ಲೇ ಹೊರಬಂದಿದೆ, ಆ ಪತ್ರ ಕೇಳಿದರೆ ಸಿಗುವುದಿಲ್ಲ. 2000ದ ಏಪ್ರಿಲ್‌ನಲ್ಲಿ ಅಬುಜಾದಲ್ಲಿ ಆಫ್ರಿಕಾದ ನಾಯಕರು ಪರದೆಯ ಮೇಲಿನ ತೆರಿಗೆ ತೆಗೆಯುತ್ತೇವೆ ಅಂತ ಮಾತು ಕೊಟ್ಟಿದ್ದರು. ಮಾತು ಹಾಗಿದ್ದರೂ ವಿನಾಯಿತಿ ತನ್ನಷ್ಟಕ್ಕೆ ಬರುವುದಿಲ್ಲ, ಮಾಲು ಹೊರಡುವ ಮೊದಲೇ ಆರೋಗ್ಯ ಇಲಾಖೆಯ ಪತ್ರ ಹಿಡಿದು ಅರ್ಜಿ ಹಾಕಿ. ಕಟ್ಟಿ ಆಮೇಲೆ ವಾಪಸ್ ಪಡೆಯುತ್ತೇನೆ ಅನ್ನುವುದು ಹಗಲುಗನಸು.

ಮಳೆಗೆ ಮೊದಲು ಮನೆಗೆ

ತಾಂಜಾನಿಯಾದ ಉತ್ತರಕ್ಕೆ ಮತ್ತು ಉತ್ತರ ಕರಾವಳಿಗೆ ದೊಡ್ಡ ಮಳೆ ಮಾರ್ಚ್‌ನಿಂದ ಮೇ ತನಕ, ಅದಕ್ಕೆ ಮಸಿಕಾ ಅನ್ನುತ್ತಾರೆ. ಫೆಬ್ರವರಿಯಲ್ಲಿ ಪರದೆ ತೂಗಬೇಕೆಂದರೆ ಹಿಂದಿನ ವರ್ಷದ ಜುಲೈ ಆಗಸ್ಟ್‌ನಲ್ಲೇ ಮಾತು ಶುರುವಾಗಬೇಕು. ಫ್ಯಾಕ್ಟರಿಯವರು ನನ್ನ ಮುಂದೆ ತೋಡಿಕೊಂಡ ದುಃಖವೂ ಇದೇ: ಮೂರು ವರ್ಷಕ್ಕೊಮ್ಮೆ ಎಲ್ಲರೂ ಒಟ್ಟಿಗೆ ಬರುತ್ತಾರೆ, ನಡುವಿನ ಎರಡು ವರ್ಷ ಮಷೀನ್ ಖಾಲಿ, ಕೆಲಸದವರು ಮನೆಗೆ. ನಿಮ್ಮದು ಸಣ್ಣ ಆರ್ಡರ್ ಆದರೂ ವರ್ಷ ವರ್ಷ ಒಂದಿಷ್ಟು ಅಂತ ಒಪ್ಪಂದ ಮಾಡಿಕೊಂಡು, ಗರ್ಭಿಣಿಯರಿಗೆ ತಪಾಸಣೆಯ ದಿನ, ಮಕ್ಕಳಿಗೆ ಲಸಿಕೆಯ ದಿನ ಕೊಡುವ ಹಾಗೆ ಮಾಡಿ. ಅವರ ಮುಖ ಅರಳುತ್ತದೆ, ಬೆಲೆಯೂ ಸ್ವಲ್ಪ ಮಣಿಯುತ್ತದೆ.

ಗೋದಾಮು ತಣ್ಣಗಿರಲಿ, ಬೇಲ್ ನೆಲಕ್ಕೆ ತಾಗದಿರಲಿ, ಅಷ್ಟೇ. ಹಂಚುವಾಗ ಹೇಳಬೇಕಾದ್ದು ಮಾತ್ರ ಬಿಡಬೇಡಿ: ಹೊಸ ಪರದೆಯನ್ನು ಒಂದು ದಿನ ನೆರಳಲ್ಲಿ ಗಾಳಿಗೆ ಹಾಕಿ ಆಮೇಲೆ ಕಟ್ಟಬೇಕು, ಒಗೆಯಲು ಮೈ ಸೋಪು ಸಾಕು, ಒಣಗಿಸುವುದು ನೆರಳಲ್ಲೇ. ಮೀನು ಹಿಡಿಯಲು ಬಳಸಬಾರದು, ಕೆರೆಯಲ್ಲಿ ಒಗೆಯಬಾರದು, ಔಷಧಿ ಮೀನಿಗೆ ವಿಷ. ಸರೋವರದ ದಂಡೆಯ ಹಳ್ಳಿಗಳಲ್ಲಿ ಇದನ್ನು ಎರಡು ಸಲ ಹೇಳಿ.

ಆರು ತಿಂಗಳಾದ ಮೇಲೆ ಇಪ್ಪತ್ತು ಮೂವತ್ತು ಮನೆಗೆ ಹೋಗಿ ಬನ್ನಿ. ಚಂದಾರುವಾ ಎಲ್ಲಿ ಅಂತ ಕೇಳಿ, ಪರದೆಗೆ ಸ್ವಾಹಿಲಿಯಲ್ಲಿ ಹಾಗನ್ನುತ್ತಾರೆ. ತೂಗುತ್ತಿದೆಯಾ, ಎಲ್ಲಿ ಹರಿದಿದೆ, ಲೇಬಲ್‌ನ ಬ್ಯಾಚ್ ನಂಬರ್ ಏನು ಅಂತ ಬರೆದುಕೊಂಡು, ಹರಿದ ಜಾಗದ ಫೋಟೊ ಸಮೇತ ಫ್ಯಾಕ್ಟರಿಗೆ ಕಳಿಸಿ. ನಾವು ಹಾಗೆ ಕಳಿಸಿದ ಫೋಟೊಗಳಲ್ಲಿ ಹೆಚ್ಚಿನವು ಮಂಚದ ಅಂಚು ಉಜ್ಜುವ ಕೆಳಗಿನ ಒಂದು ಮೊಳದ ಭಾಗದವು. ಮುಂದಿನ ಆರ್ಡರ್‌ಗೆ ಅಲ್ಲಿ ಒಂದು ಗಟ್ಟಿ ಬಟ್ಟೆಯ ಅಂಚು ಹಾಕಿ ಕೊಡಲಾ ಅಂತ ಅವರೇ ಫೋನ್ ಮಾಡಿ ಕೇಳಿದರು.